ನಡುಮನೆಯ ಮೂಲೆಯಲ್ಲೊಂದು ಗರಡಿ

ಬೆಳಗಿನ ಜಾವ ಐದಕ್ಕೆ ಎದ್ದು, ರಾತ್ರಿ ಹತ್ತಕ್ಕೆ ಒಲೆ ಕಟ್ಟೆ ಒರೆಸಿ ಮಲಗುವವರೆಗೆ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತೇವೆ. ಇನ್ನು ವ್ಯಾಯಾಮ ಒಂದು ಬೇರೆ ಕೇಡು ಎನ್ನುತ್ತೀರಾ? ನಮ್ಮ ಬೀದಿಯ ಗೆಳತಿಯರೆಲ್ಲ ಹೀಗೇ ಅಂದರು. ಅವರ ಮಾತು ಪೂರ್ತಿ ಸುಳ್ಳಲ್ಲ. ಗುಡಿಸಿ, ಸಾರಿಸಿ, ನೀರು ಹೊತ್ತು, ಬಟ್ಟೆ ಒಗೆಯುವವಳಿಗೆ ಮೈ ಓಡಾಡುವುದು ಸಾಲದು ಎಂದು ಯಾರಾದರೂ ಹೇಳಿದರೆ ಸಿಟ್ಟು ಬಾರದೆ ಇದ್ದೀತೇ?

ಆದರೆ ಒಂದು ವಿಷಯ ನಿಧಾನವಾಗಿ ಯೋಚಿಸಿ ನೋಡಿ. ಹತ್ತು ವರ್ಷದ ಹಿಂದೆ ಎತ್ತುತ್ತಿದ್ದ ಅದೇ ಕೊಡವನ್ನೇ ಇವತ್ತೂ ಎತ್ತುತ್ತೀರಿ. ಮೈಗೆ ಅದು ರೂಢಿಯಾಗಿ ಹೋಗಿದೆ. ರೂಢಿಯಾದ ಕೆಲಸದಿಂದ ದಣಿವು ಬರುತ್ತದೆಯೇ ಹೊರತು ಹೊಸ ಬಲ ಬರುವುದಿಲ್ಲ. ಇನ್ನೊಂದು ಕಡೆ, ಮೂವತ್ತು ದಾಟಿದ ಮೇಲೆ ನಮ್ಮ ಮಾಂಸಖಂಡ ಹತ್ತು ವರ್ಷಕ್ಕೆ ಶೇಕಡ 3ರಿಂದ 8ರಷ್ಟು ಕರಗುತ್ತಾ ಹೋಗುತ್ತದೆ ಎಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಹೆಂಗಸರ ಮೂಳೆ ಬೇಗ ಬೇಗ ಸವೆಯುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ, ನೋಯುವುದೂ ಇಲ್ಲ. ಜಾರಿ ಬಿದ್ದ ದಿನವೇ ಗೊತ್ತಾಗುವುದು.

ನಮ್ಮ ಅತ್ತೆಯವರು ಅರವತ್ತೆಂಟರ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿದರು. ತೊಡೆಯ ಮೇಲ್ಭಾಗದ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು, ಮೂಳೆಯೂ ಕೂಡಿತು. ಆದರೆ ಹಾಸಿಗೆಯಲ್ಲಿದ್ದ ಮೂರು ತಿಂಗಳಲ್ಲಿ ಕಾಲಿನ ಶಕ್ತಿ ಎಷ್ಟು ಇಳಿದಿತ್ತೆಂದರೆ, ಕುರ್ಚಿಯಿಂದ ಏಳಲು ಯಾರಾದರೂ ಕೈ ಕೊಡಬೇಕಿತ್ತು. ಜೀವಮಾನವೆಲ್ಲ ಯಾರ ಮುಂದೆಯೂ ಕೈ ಚಾಚದ ಹೆಣ್ಣು ಜೀವ, ಬಚ್ಚಲಿಗೆ ಹೋಗಬೇಕೆಂದರೂ "ಯಾರಿದ್ದೀರಮ್ಮಾ" ಎಂದು ಕೂಗಬೇಕಾಯಿತು. ಮನೆಗೆ ಬಂದು ವ್ಯಾಯಾಮ ಕಲಿಸುತ್ತಿದ್ದ ಹುಡುಗಿ ಅವರಿಗೆ ಹೇಳಿಕೊಟ್ಟಿದ್ದು ಕುರ್ಚಿ, ಒಂದು ರಬ್ಬರು ಪಟ್ಟಿ, ಅರ್ಧ ಕಿಲೋ ಮರಳಿನ ಚೀಲ, ಇಷ್ಟರಲ್ಲೇ. ಅತ್ತೆಯವರ ಜೊತೆಗೆ ನಾನೂ ಮಾಡುತ್ತಾ ಬಂದೆ. ನನಗೀಗ ನಲವತ್ತಾರು. ಅಂದು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮನೆಯಲ್ಲೇ ಕಸರತ್ತು ಮಾಡುವುದು ಹೊಸ ಫ್ಯಾಷನ್ ಏನಲ್ಲ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸುತ್ತಿದ್ದ ಕೆ. ವಿ. ಅಯ್ಯರ್ ದೂರದ ಊರಿನವರಿಗೆ ಅಂಚೆಯ ಮೂಲಕವೇ ಅಂಗಸಾಧನೆಯ ಪಾಠ ಕಳಿಸುತ್ತಿದ್ದರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದ ಅಯ್ಯರ್ ಇವರೇ! ಮೈಸೂರಿನ ಗರಡಿಮನೆಗಳಲ್ಲಂತೂ ದಂಡ, ಬಸ್ಕಿ, ಗದೆ ತಲೆತಲಾಂತರದಿಂದ ಇವೆ. ಆದರೆ ಆ ಕೆಮ್ಮಣ್ಣಿನ ಅಖಾಡ ಗಂಡಸರ ಪಾಲಿಗೇ ಉಳಿಯಿತು. ನಮ್ಮ ಪಾಲಿಗೆ ಬಂದದ್ದು ಗಣಪತಿಯ ಮುಂದೆ ಕಿವಿ ಹಿಡಿದು ಹಾಕುವ ಐದು ಬಸ್ಕಿ ಮಾತ್ರ. ಅದೂ ಈಗ ಮೂರಕ್ಕೆ ಇಳಿದಿದೆ.

ಈ ವಿದ್ಯೆಯ ಗುಟ್ಟು ಒಂದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಥಾಮಸ್ ಡೆಲಾರ್ಮ್ ಎಂಬ ಅಮೆರಿಕದ ಸೈನ್ಯದ ವೈದ್ಯರು, ಗಾಯಗೊಂಡ ಸೈನಿಕರಿಗೆ ಭಾರ ಎತ್ತಿಸಿ, ಆ ಭಾರವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತಾ ಹೋಗಿ ಕಾಲಿಗೆ ಬಲ ಬರಿಸಿದರು. 1945ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಭಾರ ಸ್ವಲ್ಪ ಹೆಚ್ಚಾದಾಗ ಮಾಂಸಖಂಡ ಎಚ್ಚರಗೊಳ್ಳುತ್ತದೆ, ಮೂಳೆಗೂ ಗಟ್ಟಿಯಾಗುವ ಸೂಚನೆ ಹೋಗುತ್ತದೆ. ನಡಿಗೆಯಿಂದ ಎದೆಗೆ, ಉಸಿರಿಗೆ ಒಳ್ಳೆಯದು, ನಿಜ. ಆದರೆ ನಡಿಗೆಯೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯುವಂಥ ಚಟುವಟಿಕೆ, ಅದರ ಜೊತೆಗೆ ಕನಿಷ್ಠ ಎರಡು ದಿನ ಬಲ ಬರಿಸುವ ವ್ಯಾಯಾಮ ಎರಡೂ ಬೇಕೆಂದಿದೆ.

ಈಗ ಸಾಮಾನಿನ ಮಾತು. ಮೊದಲನೆಯದು ಕುರ್ಚಿ. ಪ್ಲಾಸ್ಟಿಕ್ಕಿನದು ಬೇಡ, ಕಾಲು ಸೊಟ್ಟಗಾಗುತ್ತದೆ. ಮರದ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಿ. ಅಂಚಿಗೆ ಕುಳಿತು, ಎರಡು ಕೈಗಳನ್ನೂ ಎದೆಯ ಮೇಲೆ ಕತ್ತರಿ ಹಾಕಿ, ಕೈಯೂರದೆ ಎದ್ದು ನಿಲ್ಲಿ. ಮತ್ತೆ ನಿಧಾನವಾಗಿ ಕೂತುಕೊಳ್ಳಿ. ಧೊಪ್ಪೆಂದು ಕೂರುವುದಲ್ಲ, ಮಲಗಿಸಿದ ಮಗು ಎದ್ದೀತು ಎನ್ನುವಷ್ಟು ಮೆತ್ತಗೆ. ಇದೇ ನಮ್ಮ ಕುರ್ಚಿ ಬಸ್ಕಿ. ಇದರಿಂದಲೇ ಕಾಲಿನ ಬಲವನ್ನು ಅಳೆಯುತ್ತಾರೆ ಕೂಡ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತೀರಿ ಎಂದು ಎಣಿಸುವುದು. 60ರಿಂದ 64 ವಯಸ್ಸಿನ ಹೆಂಗಸರು 12ಕ್ಕಿಂತ ಕಡಿಮೆ ಎದ್ದರೆ ಕಾಲು ಸೋತಿದೆ, ಬೀಳುವ ಭಯ ಹೆಚ್ಚು ಎಂದು ಅರ್ಥ. ನಲವತ್ತರ ನಾವು ಎಷ್ಟು ಮಾಡಬೇಕೆಂದು ನೀವೇ ಊಹಿಸಿಕೊಳ್ಳಿ! ಇವತ್ತು ಸಂಜೆ ಮನೆಯಲ್ಲಿ ಎಲ್ಲರನ್ನೂ ಕೂಡಿಸಿ ಎಣಿಸಿ ನೋಡಿ. ಯಜಮಾನರನ್ನು ಬಿಡಬೇಡಿ.

ಎರಡನೆಯದು ಡಂಬೆಲ್. ಒಂದು ಕಿಲೋದ ಜೊತೆ, ಎರಡು ಕಿಲೋದ ಜೊತೆ ಇದ್ದರೆ ಒಳ್ಳೆಯದು. ಕೊಳ್ಳುವ ತನಕ ಒಂದು ಲೀಟರಿನ ಬಾಟಲಿಯೇ ಸಾಕು. ನೀರು ತುಂಬಿದರೆ ಸರಿಯಾಗಿ ಒಂದು ಕಿಲೋ, ಒಣ ಮರಳು ತುಂಬಿದರೆ ಸುಮಾರು ಒಂದೂವರೆ ಕಿಲೋ. ಅಡುಗೆಮನೆಯ ತಕ್ಕಡಿಯಲ್ಲಿ ಎರಡನ್ನೂ ತೂಗಿ ಸಮ ಮಾಡಿಕೊಳ್ಳಿ. ನಡು ಸಣ್ಣಗಿರುವ ಬಾಟಲಿ ಆರಿಸಿದರೆ ಹಿಡಿತ ಚೆನ್ನಾಗಿರುತ್ತದೆ. ಭುಜದ ಎತ್ತರದಿಂದ ಅಟ್ಟದ ಮೇಲೆ ಡಬ್ಬಿ ಇಡುವ ಹಾಗೆ ಮೇಲಕ್ಕೆ ಎತ್ತಿ, ನಿಧಾನವಾಗಿ ಇಳಿಸಿ. ಎತ್ತುವಾಗ ಸೊಂಟ ಹಿಂದಕ್ಕೆ ಬಾಗಿದರೆ ಭಾರ ಹೆಚ್ಚಾಯಿತೆಂದು ತಿಳಿಯಿರಿ.

ಬಾಟಲಿಗಳನ್ನು ಎರಡೂ ಕೈಯಲ್ಲಿ ಇಳಿಬಿಟ್ಟುಕೊಂಡು, ಬೆನ್ನು ನೆಟ್ಟಗೇ ಇಟ್ಟು, ಸೊಂಟದ ಕೀಲಿನಿಂದ ಮುಂದಕ್ಕೆ ಬಾಗಿ ಏಳುವುದು ಇನ್ನೊಂದು. ಇದು ನನಗೆ ಬಲು ಮೆಚ್ಚು. ಯಾಕೆಂದರೆ ಗ್ಯಾಸ್ ಸಿಲಿಂಡರು! 14.2 ಕಿಲೋ ಗ್ಯಾಸು, ಅದರ ಮೇಲೆ ಕಬ್ಬಿಣದ ತೂಕ ಸೇರಿ ಸುಮಾರು ಮೂವತ್ತು ಕಿಲೋ. ತುಂಬಿದ್ದನ್ನು ಒಬ್ಬರೇ ಎತ್ತಿ ಎಂದು ನಾನು ಖಂಡಿತ ಹೇಳುವುದಿಲ್ಲ. ಆದರೆ ಹೊರಳಿಸುವಾಗಲಾಗಲಿ, ಬಕೆಟ್ಟು ಎತ್ತುವಾಗಲಾಗಲಿ, ಬೆನ್ನು ಬಿಲ್ಲಿನಂತೆ ಬಗ್ಗಿಸದೆ ಸೊಂಟ, ಮೊಣಕಾಲಿನಿಂದ ಬಗ್ಗುವುದು ಈ ಅಭ್ಯಾಸದಿಂದ ತಾನೇ ತಾನಾಗಿ ಬರುತ್ತದೆ.

ಇನ್ನು ರಬ್ಬರು ಪಟ್ಟಿ. ಕ್ರೀಡಾ ಸಾಮಾನಿನ ಅಂಗಡಿಯಲ್ಲಿ 'ರೆಸಿಸ್ಟೆನ್ಸ್ ಬ್ಯಾಂಡ್' ಎಂದರೆ ಕೊಡುತ್ತಾರೆ. ಬಣ್ಣ ಬೇರೆ ಬೇರೆ, ಬಿಗಿಯೂ ಬೇರೆ ಬೇರೆ. ಆದರೆ ಒಂದು ಕಂಪನಿಯ ಹಳದಿಗೂ ಇನ್ನೊಂದರ ಹಳದಿಗೂ ಸಂಬಂಧವಿಲ್ಲ, ಎಳೆದು ನೋಡಿಯೇ ತೆಗೆದುಕೊಳ್ಳಿ. ನೆಲದ ಮೇಲೆ ಕಾಲು ಚಾಚಿ ಕುಳಿತು, ಪಟ್ಟಿಯನ್ನು ಪಾದಗಳಿಗೆ ಸುತ್ತಿ, ಎರಡು ತುದಿಯನ್ನೂ ಹಿಡಿದು ಮೊಣಕೈಗಳನ್ನು ಹಿಂದಕ್ಕೆ ಎಳೆಯಬೇಕು. ಮಜ್ಜಿಗೆ ಕಡೆಯುವುದು ಗೊತ್ತಲ್ಲ? ಅಲ್ಲಿ ಒಂದು ಕೈ ಬಂದರೆ ಇನ್ನೊಂದು ಹೋಗುತ್ತದೆ; ಇಲ್ಲಿ ಎರಡೂ ಒಟ್ಟಿಗೆ ಬರಬೇಕು. ಬೆನ್ನಿನ ರೆಕ್ಕೆಗಳು ಒಂದಕ್ಕೊಂದು ಹತ್ತಿರವಾದದ್ದು ತಿಳಿಯಬೇಕು. ತರಕಾರಿ ಹೆಚ್ಚಿ, ಹಿಟ್ಟು ನಾದಿ, ಮೊಬೈಲು ನೋಡಿ ಮುಂದಕ್ಕೆ ಬಾಗಿದ ಭುಜಕ್ಕೆ ಇದರಷ್ಟು ಹಿತ ಬೇರೆಯಿಲ್ಲ.

ಪಟ್ಟಿಗೆ ಒಂದು ಶತ್ರು ಬಿಸಿಲು, ಇನ್ನೊಂದು ಉಗುರು, ಉಂಗುರ. ಪ್ರತಿ ಸಲವೂ ಬೆಳಕಿಗೆ ಹಿಡಿದು ಬಿರುಕಿದೆಯೇ ನೋಡಿ, ಇದ್ದರೆ ಎಸೆದುಬಿಡಿ. ಎಳೆದಾಗ ಕಿತ್ತರೆ ನೇರ ಮುಖಕ್ಕೇ ಬಡಿಯುತ್ತದೆ. ಒರೆಸಿ, ಚೂರು ಪೌಡರು ಸವರಿ ಇಟ್ಟರೆ ಅಂಟಿಕೊಳ್ಳುವುದಿಲ್ಲ. ರಬ್ಬರಿಗೆ ಮೈ ಕಡಿತ ಬರುವವರು ಲ್ಯಾಟೆಕ್ಸ್ ಇಲ್ಲದ್ದನ್ನೇ ಕೇಳಿ ಕೊಳ್ಳಬೇಕು.

ಗೋಡೆಗಂತೂ ದುಡ್ಡು ಕೊಡಬೇಕಿಲ್ಲವಲ್ಲ! ಒಂದು ತೋಳಿನಷ್ಟು ದೂರ ನಿಂತು, ಅಂಗೈಗಳನ್ನು ಗೋಡೆಗೆ ಊರಿ, ಎದೆಯನ್ನು ಗೋಡೆಯ ಹತ್ತಿರ ತಂದು ಮತ್ತೆ ದೂರ ತಳ್ಳುವುದು ಗೋಡೆ ದಂಡ. ಸುಲಭವಾದ ಮೇಲೆ ಅದನ್ನೇ ಅಡುಗೆ ಕಟ್ಟೆಯ ಮೇಲೆ ಮಾಡಿ. ಅನ್ನ ಬೇಯುವಾಗ ಅದೇ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಬಹುದು. ಮೆಟ್ಟಿಲೇರುವ ವ್ಯಾಯಾಮಕ್ಕೆ ಮಹಡಿ ಮೆಟ್ಟಿಲಿನ ಮೊದಲನೆಯದೇ ಸಾಕು. ಮಣೆ ಬೇಡ, ಜಾರುತ್ತದೆ. ಹೊಸ್ತಿಲೂ ಬೇಡ, ಅಜ್ಜಿಯರ ಬೈಗುಳ ಯಾರು ತಿನ್ನಬೇಕು?

ಸ್ಕಿಪ್ಪಿಂಗ್ ಹಗ್ಗ ಅಗ್ಗ, ಆದರೆ ಎಲ್ಲರಿಗೂ ಅಲ್ಲ. ಮೊಣಕಾಲು ನೋವಿದ್ದವರಿಗೆ ಬೇಡ. ಕೆಮ್ಮಿದಾಗ, ಸೀನಿದಾಗ ಎರಡು ತೊಟ್ಟು ಮೂತ್ರ ಹೋಗುವವರಿಗೂ ಸದ್ಯಕ್ಕೆ ಬೇಡ. ಹೆತ್ತವರಲ್ಲಿ ಎಷ್ಟೋ ಮಂದಿಗೆ ಈ ತೊಂದರೆ ಇದೆ, ಹೇಳಿಕೊಳ್ಳುವವರು ಕಡಿಮೆ. ನಾಚಬೇಡಿ, ಅದಕ್ಕೂ ಬೇರೆ ವ್ಯಾಯಾಮವಿದೆ, ಡಾಕ್ಟರರನ್ನು ಕೇಳಿ. ಹಾರಲು ಆಗುವವರು ಹಗ್ಗದ ನಡುವೆ ನಿಂತು ಅಳೆಯಿರಿ. ಹಿಡಿಗಳು ಕಂಕುಳಿನ ಹತ್ತಿರ ಬಂದರೆ ಉದ್ದ ಸರಿ.

ಟ್ರೆಡ್‌ಮಿಲ್, ಸೈಕಲ್ಲು ಎಂದು ಸಾವಿರಾರು ರೂಪಾಯಿ ಸುರಿಯುವ ಮುಂಚೆ ಈ ಸಾಮಾನಿನಲ್ಲೇ ಆರು ತಿಂಗಳು ಕಳೆಯಿರಿ. ಪರಿಚಯದವರ ಮನೆಯೊಂದರಲ್ಲಿ ಆ ಯಂತ್ರದ ಮೇಲೆ ಈಗ ಒದ್ದೆ ಟವೆಲ್ಲು ಓಡುತ್ತಿದೆ.

ಎಷ್ಟು, ಹೇಗೆ? ಒಂದೊಂದನ್ನೂ 8ರಿಂದ 12 ಸಲ, ನಡುವೆ ಒಂದೆರಡು ನಿಮಿಷ ಬಿಟ್ಟು ಎರಡು ಸುತ್ತು. ಕೊನೆಯ ಎರಡು ಸಲ ಕಷ್ಟವಾಗಬೇಕು. ಹಾಡು ಗುನುಗುತ್ತಾ ಮುಗಿಸಿದಿರೋ, ಭಾರ ಸಾಲದು. ಹನ್ನೆರಡು ಸಲೀಸಾದಾಗ ಬಾಟಲಿಯ ನೀರು ಚೆಲ್ಲಿ ಮರಳು ತುಂಬಿ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಉಸಿರು ಬಿಗಿ ಹಿಡಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ಒಂದು ದಿನ ಮಾಡಿದರೆ ಮಾರನೆಯ ದಿನ ಬಿಡುವು. ಮಾಂಸಖಂಡದಲ್ಲಿ ಒಂದೆರಡು ದಿನ ಸಣ್ಣಗೆ ನೋವಿದ್ದರೆ ಹೆದರಬೇಡಿ. ಕೀಲಿನಲ್ಲಿ ಚುಚ್ಚಿದಂತಾದರೆ, ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಬಿ.ಪಿ., ಹೃದಯದ ತೊಂದರೆ ಇದ್ದವರು, ಗರ್ಭಕೋಶ ತೆಗೆಸಿಕೊಂಡವರು, ಬಸುರಿಯರು ಮೊದಲೇ ಡಾಕ್ಟರರಲ್ಲಿ ಮಾತಾಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ತೊಡಗಬಾರದು. ದುಡಿಯುವ ಮಾಂಸಖಂಡ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ಸಕ್ಕರೆ ತೀರಾ ಇಳಿದೀತು.

ಜಾಗ ಎಷ್ಟು ಬೇಕು? ಎರಡು ಕೈ ಚಾಚಿ ತಿರುಗಿದರೆ ಏನೂ ತಗುಲದಷ್ಟು. ನಯವಾದ ನೆಲಕ್ಕೆ ಜಮಖಾನ ಹಾಸಿದರೆ ಜಾರುತ್ತದೆ, ರಬ್ಬರು ಚಾಪೆ ವಾಸಿ. ಸೀರೆಯಾದರೆ ಸೆರಗು ಸಿಕ್ಕಿಸಿ, ನೆರಿಗೆ ಮೇಲೆತ್ತಿ ಕಟ್ಟಿ. ನೈಟಿಯಲ್ಲಿ ಮಾತ್ರ ಮೆಟ್ಟಿಲು ಹತ್ತುವ ವ್ಯಾಯಾಮ ಮಾಡಬೇಡಿ.

ಊಟವೂ ಸ್ವಲ್ಪ ನೋಡಿಕೊಳ್ಳಿ. ಎಲ್ಲರಿಗೂ ಬಡಿಸಿ ಕೊನೆಗೆ ತಿಳಿಸಾರಿನಲ್ಲಿ ಅನ್ನ ಕಲಸಿ ಏಳುವ ಅಭ್ಯಾಸದಿಂದ ಮಾಂಸಖಂಡ ಬೆಳೆಯದು. ಹೆಸರುಕಾಳು ಉಸಲಿ, ಗಟ್ಟಿ ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ, ಇವುಗಳಲ್ಲಿ ನಿಮ್ಮ ಪಾಲನ್ನು ಮೊದಲೇ ತೆಗೆದಿಡಿ.

ಮಾಡಿದ ದಿನ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಒಂದು ಗುರುತು ಹಾಕಿ, ಎಷ್ಟು ಕಿಲೋ, ಎಷ್ಟು ಸಲ ಎಂದು ಬರೆಯಿರಿ. ತಿಂಗಳಿಗೊಮ್ಮೆ ಕುರ್ಚಿಯ ಪರೀಕ್ಷೆಯನ್ನೂ ಮಾಡಿ ಅದರ ಪಕ್ಕದಲ್ಲೇ ಬರೆದಿಡಿ. ನಮ್ಮ ಅತ್ತೆಯವರದು ಮೊದಲ ತಿಂಗಳು ಸೊನ್ನೆ ಇತ್ತು. ಈಗ ಒಂಬತ್ತು. ಎಣಿಸಲು ನಾನು ಕೂತರೆ, "ಗಡಿಯಾರ ಸರಿಯಾಗಿ ನೋಡೇ" ಎಂದು ಗದರುತ್ತಾರೆ.