ಜಟ್ಟಿಯ ನಡುವಿನ ಹಗ್ಗ

ಜಪಾನಿನ ಸುಮೊ ಕುಸ್ತಿಯಲ್ಲಿ ಅತ್ಯುನ್ನತ ಪದವಿಗೇರಿದ ಜಟ್ಟಿಯನ್ನು ‘ಯೊಕೊಜುನ’ ಎಂದು ಕರೆಯುತ್ತಾರೆ. ‘ಅಡ್ಡ ಹಗ್ಗ’ ಎಂಬುದು ಆ ಮಾತಿನ ಅಕ್ಷರಾರ್ಥ. ಗೆದ್ದವನಿಗೆ ಕಿರೀಟವನ್ನೋ ಗದೆಯನ್ನೋ ಕೊಡುವುದು ಲೋಕರೂಢಿ. ಇಲ್ಲಿ ಅವನ ನಡುವಿಗೆ ಹಗ್ಗವನ್ನು ಬಿಗಿಯುತ್ತಾರೆ. ಕಟ್ಟಿಹಾಕುವ ವಸ್ತುವೇ ಆಭರಣವಾದ ಈ ಪರಿ ನನಗೆ ಬಹುಕಾಲ ಸೋಜಿಗವನ್ನುಂಟುಮಾಡಿತ್ತು. ಆ ಹಗ್ಗ ಸಿದ್ಧವಾಗುವ ಬಗೆಯನ್ನು ತಿಳಿದ ಮೇಲಂತೂ ಜಟ್ಟಿಗಿಂತ ಹಗ್ಗವೇ ನನ್ನ ಮನಸ್ಸನ್ನು ಹಿಡಿದಿದೆ.

ತನಿಕಜೆ, ಒನೊಗವ ಎಂಬ ಇಬ್ಬರು ಮಲ್ಲರು 1789ರಲ್ಲಿ ಹಗ್ಗವನ್ನು ಧರಿಸುವ ಅಧಿಕೃತ ಅನುಮತಿಯನ್ನು ಪಡೆದರು. ಶಿಂಟೊ ಗುಡಿಗಳಲ್ಲಿ ಪವಿತ್ರಸ್ಥಳವನ್ನು ಗುರುತಿಸಲು ಕಟ್ಟುವ ಹಗ್ಗಕ್ಕೂ ಇದಕ್ಕೂ ನಂಟುಂಟು. ಮುಂಭಾಗದಲ್ಲಿ ಮಿಂಚಿನಂತೆ ಮಡಿಸಿದ ಬಿಳಿಯ ಕಾಗದದ ಪಟ್ಟಿಗಳು ತೂಗುವುದೂ ಅದೇ ಕಾರಣದಿಂದ. ಅಖಾಡವನ್ನು ಪ್ರವೇಶಿಸುವ ವಿಧಿಗೆ ಮಾತ್ರ ಇದು ಬೇಕು. ಕುಸ್ತಿಯ ಹೊತ್ತಿಗೆ ಬಿಚ್ಚಿಡುತ್ತಾರೆ.

ಹೊರನೋಟಕ್ಕೆ ಇದು ಶುಭ್ರವಾದ ಹತ್ತಿಯ ಹಗ್ಗ. ಒಳಗಿನ ತಿರುಳೇ ಬೇರೆ. ಅದು ‘ಅಸಾ’ ಎಂಬ ಗಿಡದ ನಾರು. ನಮ್ಮ ಗೋಣಿಚೀಲದ ಸೆಣಬಲ್ಲ. ಗಾಂಜಾ ಗಿಡದ ಕುಲಕ್ಕೇ ಸೇರಿದ್ದು. ತೊಚಿಗಿ ಪ್ರಾಂತವು ಈ ಬೆಳೆಗೆ ಹೆಸರಾದುದು. ಬೇಸಗೆಯಲ್ಲಿ ಆಳಿಗಿಂತ ಎತ್ತರ ಬೆಳೆದ ಗಿಡವನ್ನು ಕಿತ್ತು, ಬಿಸಿನೀರಿನಲ್ಲಿ ಅದ್ದಿ ಒಣಗಿಸುತ್ತಾರೆ. ಮತ್ತೆ ನೆನೆಸಿ, ಮುಚ್ಚಿಟ್ಟು, ಹದವಾಗಿ ಹುಳಿಯಿಸುತ್ತಾರೆ. ಹುಳಿಯುವುದು ಕಡಮೆಯಾದರೆ ತೊಗಟೆ ಬಿಡದು, ಹೆಚ್ಚಾದರೆ ನಾರೇ ಕೆಡುತ್ತದೆ. ಪುಂಡಿಯನ್ನು ಕೊಳೆಹಾಕಿ ನಾರು ತೆಗೆಯುವ ನಮ್ಮ ಉತ್ತರದ ರೈತರಿಗೆ ಈ ಹದದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಳಿಕ ಸಿಪ್ಪೆಯನ್ನು ಸುಲಿದು, ಹೊರಪೊರೆಯನ್ನು ಹೆರೆದು, ನೆರಳಿನಲ್ಲಿ ತೂಗುಹಾಕುತ್ತಾರೆ. ಉಳಿಯುವುದು ಹೊಂಬಣ್ಣದ, ರೇಷ್ಮೆಯ ಹೊಳಪಿನ ಪಟ್ಟಿ. ಅಷ್ಟು ಚೆಲುವಾದ ನಾರನ್ನು ಬಟ್ಟೆಯೊಳಗೆ ಮುಚ್ಚಿಬಿಡುವರಲ್ಲಾ ಎಂದು ನನಗಂತೂ ಮರುಕವಾಗುತ್ತದೆ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತೆಂಬ ಗಾದೆಯನ್ನು ಇಲ್ಲಿ ತಿರುಗಿಸಿಯೇ ಹೇಳಬೇಕು.

ಆದರೆ ಈ ನಾರೇ ಈಗ ದುರ್ಲಭ. ಗಿಡವನ್ನು ಬೆಳೆಯಲು ಪರವಾನಗಿ ಬೇಕೆಂದು 1948ರ ಕಾನೂನು ವಿಧಿಸಿತು. ಬೆನ್ನಿಗೇ ಕೃತಕ ನೂಲು ಮಾರುಕಟ್ಟೆಯನ್ನು ತುಂಬಿತು. 1954ರಲ್ಲಿ ಪರವಾನಗಿ ಪಡೆದ ಬೆಳೆಗಾರರು 37 ಸಾವಿರಕ್ಕೂ ಹೆಚ್ಚು. 2021ರ ವೇಳೆಗೆ ಉಳಿದವರು ಮೂವತ್ತರ ಆಸುಪಾಸು.

ಹಗ್ಗ ಹೊಸೆಯುವುದು ಒಬ್ಬನ ಕೆಲಸವಲ್ಲ. ಟೋಕಿಯೊದಲ್ಲಿ ಜನವರಿ, ಮೇ, ಸೆಪ್ಟೆಂಬರ್ ತಿಂಗಳುಗಳಲ್ಲಿ ನಡೆಯುವ ಪಂದ್ಯಾವಳಿಗಳಿಗೆ ಮುನ್ನ ಗರಡಿಯ ಹುಡುಗರೆಲ್ಲ ಕೆಂಪು ಬಿಳಿಯ ತಲೆಪಟ್ಟಿ ಕಟ್ಟಿ, ಬಿಳಿಯ ಕೈಚೀಲ ತೊಟ್ಟು ಕೂಡುತ್ತಾರೆ. ಒರಟಾದ ನಾರನ್ನು ಅಕ್ಕಿಯ ತೌಡಿನಲ್ಲಿ ತಿಕ್ಕಿ ತಿಕ್ಕಿ ಮೆತ್ತಗಾಗಿಸುತ್ತಾರೆ. ಆಕಾರ ನಿಲ್ಲಲೆಂದು ನಡುವೆ ತಾಮ್ರದ ತಂತಿಯನ್ನಿಟ್ಟು, ಸುತ್ತ ನಾರನ್ನು ಪೇರಿಸಿ, ಹತ್ತಿಬಟ್ಟೆಯನ್ನು ಸುತ್ತಿ, ಅಂಥ ಮೂರು ಎಳೆಗಳನ್ನು ನಗಾರಿಯ ತಾಳಕ್ಕೆ ಕೂಗು ಹಾಕುತ್ತ ಒಂದಾಗಿ ಹುರಿಮಾಡುತ್ತಾರೆ. ನಡುಭಾಗ ದಪ್ಪ, ತುದಿಗಳತ್ತ ಸಪುರ. ಈ ಕೈಗಳಲ್ಲಿ ಒಂದಾದರೂ ಮುಂದೆ ಆ ಹಗ್ಗವನ್ನು ಧರಿಸುವುದು ಅಪರೂಪ: 2025ರ ಮೇ ತಿಂಗಳವರೆಗಿನ ಎಣಿಕೆಯಲ್ಲಿ ಯೊಕೊಜುನರು ಎಪ್ಪತ್ತೈದೇ ಮಂದಿ.

ಎಂಥ ಬಲಶಾಲಿಯೂ ಇದನ್ನು ತಾನೇ ಕಟ್ಟಿಕೊಳ್ಳಲಾರ. ಹಲವರು ಸೇರಿ ಬೆನ್ನಹಿಂದೆ ಎಳೆದು ಬಿಗಿಯಬೇಕು. ಗಂಟಿನಲ್ಲಿ ಒಂದೇ ಕುಣಿಕೆಯಿದ್ದರೆ ಉನ್‌ರ್ಯು ಶೈಲಿ, ಎರಡಿದ್ದರೆ ಶಿರನುಯಿ. ಒಮ್ಮೆ ಬಿಗಿದ ಪದವಿಯಿಂದ ಇಳಿಯುವ ಮೆಟ್ಟಿಲಿಲ್ಲ. ಕೆಳಗಿನ ಜಟ್ಟಿ ಸೋತರೆ ಒಂದು ಸ್ಥಾನ ಜಾರಿ, ಮತ್ತೆ ಹೋರಾಡಿ ಏರಬಹುದು. ಯೊಕೊಜುನನ ಶಕ್ತಿ ಕುಂದಿದರೆ ನಿವೃತ್ತಿಯೊಂದೇ ದಾರಿ.

ಅಲ್ಲಿಂದ ಅರವತ್ತರವರೆಗೆ ಬದುಕಿದವನಿಗೆ ಇನ್ನೊಂದು ಹಗ್ಗವುಂಟು. ಷಷ್ಟಿಪೂರ್ತಿಯ ವರ್ಷ ಅವನು ಮತ್ತೊಮ್ಮೆ ಅಖಾಡಕ್ಕಿಳಿದು ಪ್ರವೇಶವಿಧಿಯನ್ನು ನಡೆಸಿಕೊಡುವ ಸಂಪ್ರದಾಯವಿದೆ. ಮೈ ಸಡಿಲವಾಗಿರುತ್ತದೆ, ಕಾಲನ್ನು ಹಿಂದಿನಷ್ಟು ಎತ್ತಲಾಗದು. ಆ ದಿನ ನಡುವಿಗೆ ಬಿಗಿಯುವ ಹಗ್ಗ ಕೆಂಪು.