ಬೇರಿನೊಳಗಿನ ಸಕ್ಕರೆ ಡಬ್ಬಿ

ಅಕ್ಟೋಬರ್ ತಿಂಗಳಲ್ಲಿ ಜರ್ಮನಿಯ ಹಳ್ಳಿಗಳ ಕಡೆ ಹೋಗುವಾಗ ಹೊಲದಂಚಿನಲ್ಲಿ ಮಣ್ಣು ಮೆತ್ತಿದ ಬಿಳಿ ಗೆಡ್ಡೆಗಳ ಉದ್ದನೆಯ ರಾಶಿಗಳನ್ನು ನೀವು ನೋಡಿಯೇ ಇರುತ್ತೀರಿ. ಅದೇ ಸಕ್ಕರೆ ಬೀಟ್. ನಾವು ಪಲ್ಯ ಮಾಡುವ ಕೆಂಪು ಬೀಟ್‌ರೂಟ್ ಕೂಡ ಇದೇ ಜಾತಿಯದು. ಇದರಲ್ಲಿರುವುದು ಕಬ್ಬಿನ ಸಕ್ಕರೆಯೇ ಎಂದು 1747ರಲ್ಲಿ ಬರ್ಲಿನ್ನಿನ ಆಂಡ್ರಿಯಾಸ್ ಮಾರ್ಗ್ರಾಫ್ ತೋರಿಸಿಕೊಟ್ಟರು. ನಮ್ಮ ಮಂಡ್ಯದ ಕಬ್ಬು ಸಕ್ಕರೆಯನ್ನು ಕಾಂಡದಲ್ಲಿ ಕೂಡಿಟ್ಟರೆ, ಇದು ಬೇರಿನಲ್ಲಿ ಕೂಡಿಡುತ್ತದೆ. ಗೆಡ್ಡೆಯ ತೂಕದಲ್ಲಿ ಸುಮಾರು ಶೇಕಡಾ 18ರಷ್ಟು ಸಕ್ಕರೆ! ಬಿಸಿಲನ್ನೇ ಕಾಣದ ಬೇರಿಗೆ ಇಷ್ಟೊಂದು ಸಕ್ಕರೆ ಬಂದದ್ದೆಲ್ಲಿಂದ?

ಅದು ತಯಾರಾಗುವುದು ಎಲೆಯಲ್ಲಿ. ಎಲೆ ಅದನ್ನು ಫ್ಲೋಯೆಂ ಎಂಬ ಸಣ್ಣ ಕೊಳವೆಗಳಿಗೆ ತುಂಬುತ್ತದೆ. ಸಕ್ಕರೆ ಇದ್ದಲ್ಲಿಗೆ ನೀರು ನುಗ್ಗಿ ಒತ್ತಡ ಹೆಚ್ಚುತ್ತದೆ. ಕೆಳಗೆ ಬೇರು ಸಕ್ಕರೆಯನ್ನು ಇಳಿಸಿಕೊಳ್ಳುವುದರಿಂದ ಅಲ್ಲಿ ಒತ್ತಡ ಕಡಿಮೆ. ಹಾಗಾಗಿ ರಸ ಬೇರಿನತ್ತ ಹರಿಯುತ್ತದೆ. ಈ ವಿವರಣೆಯನ್ನು 1930ರಲ್ಲಿ ವಿಸ್ತಾರವಾಗಿ ಬರೆದವರು ಜರ್ಮನಿಯ ಅರ್ನ್ಸ್ಟ್ ಮ್ಯುನ್ಶ್.

ಕಷ್ಟದ ಕೆಲಸ ಇರುವುದು ಇನ್ನು ಮುಂದೆ. ಬೇರಿನ ಜೀವಕೋಶದೊಳಗೆ ಬಹುಪಾಲು ಜಾಗ ಹಿಡಿದಿರುವ ಒಂದು ಚೀಲವಿದೆ. ಶಾಲೆಯಲ್ಲಿ ರಸದಾನಿ ಎಂದು ಓದಿದ್ದು ನೆನಪಿರಬಹುದು. ಆಗಲೇ ಸಕ್ಕರೆ ಕಿಕ್ಕಿರಿದಿರುವ ಅದಕ್ಕೆ ಮತ್ತಷ್ಟು ತುಂಬಲು ಶಕ್ತಿ ಬೇಕು. ಜೀವಕೋಶ ಮೊದಲು ಶಕ್ತಿ ಖರ್ಚು ಮಾಡಿ ಪ್ರೋಟಾನ್‌ಗಳನ್ನು ಒಳಗೆ ತಳ್ಳುತ್ತದೆ. ಅವು ಹೊರಬರಲು ಹವಣಿಸುತ್ತವೆ. ಚೀಲದ ಪೊರೆಯಲ್ಲಿರುವ ಒಂದು ಪ್ರೋಟೀನ್ ಪ್ರೋಟಾನನ್ನು ಹೊರಬಿಡುತ್ತಾ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಬಾವಿಯ ರಾಟೆಯ ಹಗ್ಗಕ್ಕೆ ಎರಡು ತುದಿಯಲ್ಲೂ ಬಿಂದಿಗೆ ಕಟ್ಟಿದ ಹಾಗೆ, ಒಂದು ಇಳಿದರೆ ಇನ್ನೊಂದು ಏರುತ್ತದೆ. ಸಕ್ಕರೆ ಬೀಟ್‌ನಲ್ಲಿ ಈ ಕೆಲಸ ಮಾಡುವ ಪ್ರೋಟೀನನ್ನು ಜರ್ಮನಿಯ ವಿಜ್ಞಾನಿಗಳು ಗುರುತಿಸಿದ್ದು 2015ರಲ್ಲಿ.

ಆ ಪೊರೆ ಎಷ್ಟು ಭದ್ರ ಎಂಬುದಕ್ಕೆ ಅಡುಗೆಮನೆಯಲ್ಲೇ ಸಾಕ್ಷಿ ಇದೆ. ಬೀಟ್‌ರೂಟಿನ ಕೆಂಪು ಬಣ್ಣ ಇರುವುದೂ ರಸದಾನಿಯಲ್ಲೇ. ಹೆಚ್ಚಿದ ಹೋಳುಗಳನ್ನು ತೊಳೆದು ತಣ್ಣೀರಿನಲ್ಲಿಟ್ಟರೆ ಬಣ್ಣ ಅಷ್ಟಾಗಿ ಬಿಡುವುದಿಲ್ಲ. ಕುದಿಸಿದರೆ ಪೊರೆ ಹಾಳಾಗಿ ನೀರೆಲ್ಲ ಕೆಂಪು. ಸಕ್ಕರೆ ಕಾರ್ಖಾನೆಯವರೂ ಬೀಟ್ ಹೋಳುಗಳನ್ನು ಬಿಸಿನೀರಿಗೆ ಹಾಕಿಯೇ ಸಕ್ಕರೆ ತೆಗೆಯುತ್ತಾರೆ.

ಅಷ್ಟಕ್ಕೂ ಗಿಡ ಇದನ್ನು ಕೂಡಿಡುವುದು ನಮ್ಮ ಕಾಫಿಗೆಂದಲ್ಲ. ಬೀಟ್‌ನದು ಎರಡು ವರ್ಷದ ಬಾಳು. ಚಳಿಗಾಲ ಕಳೆದ ಮೇಲೆ ಹೂದಂಡು ಎಬ್ಬಿಸಲು ಬೇರಿನ ಸಕ್ಕರೆ ಮತ್ತೆ ಮೇಲಕ್ಕೆ ಹೊರಡುತ್ತದೆ. ಎಳೆಯ ಬೆಳೆಗೆ ಚಳಿ ಜಾಸ್ತಿ ತಾಗಿದರೆ ಕೆಲವು ಗಿಡಗಳು ಮೊದಲ ವರ್ಷವೇ ಹೂವಿಗೆ ಬಂದು ರೈತನಿಗೆ ನಷ್ಟ. ಅದಕ್ಕೇ ಇಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಬಿತ್ತಿ, ಆ ವರ್ಷವೇ ಕಿತ್ತುಬಿಡುತ್ತಾರೆ. ಗಿಡ ತನ್ನ ಬೀಜಗಳಿಗೆಂದು ಕಟ್ಟಿಟ್ಟ ಬುತ್ತಿ ನಮ್ಮ ಮನೆಯ ಡಬ್ಬಿ ಸೇರುತ್ತದೆ.