ವ್ಯಾಯಾಮವೂ ಜಠರಾಗ್ನಿಯೂ

ದೇಹಬಲಕ್ಕೆ ಆಹಾರವ್ಯಾಯಾಮಗಳು ಕಾರಣವೆಂಬುದು ಸರ್ವವಿದಿತವಾಗಿದೆ. ಆದರೆ ಇವೆರಡನ್ನೂ ಜೋಡಿಸುವ ಜಠರಾಗ್ನಿಯ ಕಡೆಗೆ ನಮ್ಮ ಲಕ್ಷ್ಯವು ಸಾಲದು. ಕನ್ನಡದ ‘ದಕ್ಕು’ ಎಂಬ ಧಾತುವಿಗೆ ಸ್ವಾಧೀನವಾಗು, ಜೀರ್ಣವಾಗು ಎಂಬ ಎರಡು ಅರ್ಥಗಳುಂಟು. ಉಂಡುದೆಲ್ಲವೂ ನಮ್ಮದಾಗದು, ದಕ್ಕಿದುದೇ ನಮ್ಮದು. ಈ ತತ್ತ್ವವನ್ನು ಗದಗು-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಪ್ರಾಂತವನ್ನು ದೃಷ್ಟಾಂತವಾಗಿಟ್ಟುಕೊಂಡು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಗದಗು ಬೆಳ್ವೊಲ ಮುನ್ನೂರಕ್ಕೂ, ಪುಲಿಗೆರೆಯೆನಿಸಿದ್ದ ಲಕ್ಷ್ಮೇಶ್ವರವು ತನ್ನದೇ ಹೆಸರಿನ ಮುನ್ನೂರಕ್ಕೂ ಸೇರಿ, ಕಲ್ಯಾಣದ ಚಾಲುಕ್ಯರ ಆಳಿಕೆಗೆ ಒಳಪಟ್ಟಿದ್ದುವು. ಆ ವಂಶದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಅನ್ನಭೋಗವೆಂಬ ಪಾಕಪ್ರಕರಣವಲ್ಲದೆ ಮಲ್ಲವಿನೋದವೆಂಬ ಪ್ರಕರಣವೂ ಉಂಟು. ಇದರಲ್ಲಿ ಮಲ್ಲರ ಪುಷ್ಟಿಕರವಾದ ಆಹಾರದೊಡನೆ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಮೊದಲಾದ ಅಭ್ಯಾಸಗಳು ವರ್ಣಿತವಾಗಿವೆ. ಊಟವೂ ಸಾಮೂ ಒಂದೇ ಶಿಕ್ಷಣದ ಅಂಗಗಳೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವೈದ್ಯಶಾಸ್ತ್ರವು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಆಯುಸ್ಸು, ಬಲ, ಆರೋಗ್ಯಗಳು ಅಗ್ನಿಯನ್ನು ಆಶ್ರಯಿಸಿರುವುವೆಂದು ಚರಕನ ಮತ. ವ್ಯಾಯಾಮದಿಂದ ಅಗ್ನಿಯು ದೀಪ್ತವಾಗುವುದೆಂದು ಹೇಳುವ ವಾಗ್ಭಟನೇ ಅಜೀರ್ಣವುಳ್ಳವನು ವ್ಯಾಯಾಮವನ್ನು ಬಿಡಬೇಕೆಂದೂ, ಬಲಿಷ್ಠನಾದರೂ ಸ್ನಿಗ್ಧಾಹಾರವನ್ನುಂಡು ಅರ್ಧಶಕ್ತಿಯಿಂದಲೇ ಮಾಡಬೇಕೆಂದೂ ವಿಧಿಸಿರುವನು. ಉಸಿರು ಬಾಯಿಗೆ ಬರುವುದೇ ಅರ್ಧಬಲದ ಲಕ್ಷಣವೆಂದು ಸುಶ್ರುತನು ಹೇಳುತ್ತಾನೆ.

ಇಂದಿನ ಶರೀರವಿಜ್ಞಾನವು ಇದಕ್ಕೆ ಕೆಲವು ಕಾರಣಗಳನ್ನು ತೋರಿಸುತ್ತದೆ. ತೀವ್ರಶ್ರಮದಲ್ಲಿ ರಕ್ತವು ಸ್ನಾಯುಗಳ ಕಡೆಗೆ ಹೆಚ್ಚಾಗಿ ಹರಿದು ಕರುಳಿಗೆ ಕಡಿಮೆಯಾಗುವುದರಿಂದ, ತುಂಬಿದ ಹೊಟ್ಟೆಯಲ್ಲಿ ಸಾಮುಮಾಡಿದವನಿಗೆ ಓಕರಿಕೆ, ನುಲಿತಗಳು ಉಂಟಾಗಬಹುದು. ಮಿತವಾದ ನಿತ್ಯಾಭ್ಯಾಸವಾದರೋ ಮಲಬದ್ಧತೆಯನ್ನು ತಗ್ಗಿಸಲು ನೆರವಾಗುತ್ತದೆ. ನಾವು ಅರಗಿಸಲಾರದ ನಾರಿನಂಶವನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಹುಳಿಯಿಸಿ, ಬ್ಯುಟಿರಿಕ್ ಮೊದಲಾದ ಆಮ್ಲಗಳನ್ನುಂಟುಮಾಡುವುವು. ಕರುಳಿನ ಒಳಪೊರೆಗೆ ಇವೇ ಪೋಷಕ. ಹಾಗೆಂದು ಅಗ್ನಿಯೆಂದರೆ ಈ ಜೀವಿಗಳೇ ಎಂದು ಅರ್ಥಮಾಡುವುದು ಸಾಧುವಲ್ಲ. ಅಗ್ನಿಯು ಪಚನಶಕ್ತಿಯೆಲ್ಲವನ್ನೂ ಒಳಗೊಂಡ ಶಾಸ್ತ್ರಸಂಜ್ಞೆ, ಸೂಕ್ಷ್ಮಜೀವಿಗಳಾದರೋ ಪ್ರತ್ಯಕ್ಷವಸ್ತುಗಳು.

ಈ ಎರೆಭೂಮಿಯ ಊಟವನ್ನು ಈಗ ಪರಿಶೀಲಿಸೋಣ. ಬಿಳಿಜೋಳದ ರೊಟ್ಟಿಯಲ್ಲಿ ನಾರು, ಹೆಸರುಕಾಳಿನ ಪಲ್ಯದಲ್ಲಿ ಸ್ನಾಯುಪೋಷಕವಾದ ಸಸಾರಜನಕ, ಅಗಸೆಹಿಂಡಿಯಲ್ಲಿ ಸ್ನೇಹಾಂಶ, ಹಸಿಯ ಹಕ್ಕರಿಕೆಯಲ್ಲಿ ತಪ್ಪಲಿನ ಗುಣ, ಮಜ್ಜಿಗೆಯಲ್ಲಿ ಹುಳಿಯಿಸುವ ಜೀವಿಗಳು: ಹೀಗೆ ಒಂದೇ ಗಂಗಾಳದಲ್ಲಿ ಮಲ್ಲನ ದೇಹಕ್ಕೂ ಅವನ ಕರುಳಿಗೂ ಬೇಕಾದುದು ಕೂಡಿಬಂದಿದೆ. ಆದರೆ ಇದೂ ಅಭ್ಯಾಸವಿಲ್ಲದವನಿಗೆ ಒಮ್ಮೆಲೇ ಹಿತವಾಗದು. ನಾರನ್ನು ತಟ್ಟನೆ ಹೆಚ್ಚಿಸಿದರೆ ಹೊಟ್ಟೆಯುಬ್ಬರ ಬರುವುದು.

ಇಂದು ತರುಣರಲ್ಲಿ ಹಲವರು ರೊಟ್ಟಿಯನ್ನು ಬಿಟ್ಟು, ಡಬ್ಬಿಯ ಪುಡಿಯನ್ನು ಕದಡಿ ಕುಡಿದು, ಅಜೀರ್ಣವನ್ನು ಲೆಕ್ಕಿಸದೆ ಭಾರವನ್ನೆತ್ತುತ್ತಿರುವರು. ಪುಡಿಯಲ್ಲಿ ಸಸಾರಜನಕವಿರಬಹುದು, ಊಟದ ಸ್ಥಾನವನ್ನು ಅದು ತುಂಬಲಾರದು. ಪಾಠಶಾಲೆಗಳಲ್ಲಿ ವ್ಯಾಯಾಮವನ್ನು ಕಲಿಸುವಾಗ ‘ಎಷ್ಟು ಎತ್ತಿದೆ?’ ಎಂದು ಕೇಳುವುದಕ್ಕೆ ಮುಂಚೆ ‘ಉಂಡದ್ದು ದಕ್ಕಿತೇ?’ ಎಂದು ಕೇಳುವ ವಾಡಿಕೆಯಾದರೆ, ಶಾಸ್ತ್ರದ ಆಶಯವೂ ಮಕ್ಕಳ ಆರೋಗ್ಯವೂ ಉಳಿಯುವುವು.